ತುಂಬಾ ಹೊತ್ತಿನಿಂದ ದುಡ್ಡು ಕೊಡದ ಮೆಷಿನ್ ಹಿಡಿಯಬೇಕಾ?

ಲಾಸ್ ವೇಗಸ್‌ಗೆ ಹೋದಾಗ, ತುಂಬಾ ಹೊತ್ತಿನಿಂದ ದುಡ್ಡು ಕೊಡದ ಸ್ಲಾಟ್ ಮೆಷಿನ್ (ಬಟನ್ ಒತ್ತಿ ಆಡುವ ಜೂಜಿನ ಯಂತ್ರ) ಹುಡುಕಿ ಕೂತರೆ ಲಾಭವಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ತುಂಬಿದ ಮೇಲೆ ಒಡೆದು ಎಣಿಸೋಕೆ ಅದೇನು ಮಣ್ಣಿನ ಹುಂಡಿಯಲ್ಲ. ಬಟನ್ ಒತ್ತಿದಾಗಲೆಲ್ಲ ಒಳಗಿನ ಚಿಪ್ ಹೊಸದಾಗಿ ಸಂಖ್ಯೆ ಆರಿಸುತ್ತದೆ. ಹಿಂದಿನ ಆಟ ಅದಕ್ಕೆ ಲೆಕ್ಕಕ್ಕೇ ಇಲ್ಲ.

ನೋಡಬೇಕಾದ್ದು ಬೇರೆ. ಒಂದು ಸೆಂಟಿನ ಮೆಷಿನ್ ಅಗ್ಗ ಅನಿಸುತ್ತದೆ, ಅಲ್ವಾ? ಆದರೆ ಪರದೆಯಲ್ಲಿ ಚಿತ್ರಗಳು ಹೊಂದಿಕೆಯಾಗಬೇಕಾದ 50 ಸಾಲಿಗೂ ಒಂದೊಂದು ಸೆಂಟ್ ಕಟ್ಟಿದರೆ ಒಂದು ಸುತ್ತಿಗೆ ಅರ್ಧ ಡಾಲರ್. ಗಂಟೆಗೆ 600 ಸುತ್ತು ಆಡಿದರೆ 300 ಡಾಲರ್. ಅದರಲ್ಲಿ ನೂರಕ್ಕೆ 10 ಮೆಷಿನ್ ಇಟ್ಟುಕೊಂಡರೂ ಸರಾಸರಿ 30 ಡಾಲರ್ ಹೋಯಿತು. ಡಾಲರಿನ ಮೆಷಿನ್‌ಗಳು ಸಾಮಾನ್ಯವಾಗಿ ನೂರಕ್ಕೆ ಇದಕ್ಕಿಂತ ಕಡಿಮೆ ಇಟ್ಟುಕೊಳ್ಳುತ್ತವೆ, ಆದರೆ ಅಲ್ಲಿ ಕಟ್ಟುವ ದುಡ್ಡೇ ಜಾಸ್ತಿ. ಕಟ್ಟಿದ್ದರಲ್ಲಿ ಕನಿಷ್ಠ 75% ವಾಪಸ್ ಬರಬೇಕು ಅಂತ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ನಿಯಮವಿದೆ. ಅದು ಲಕ್ಷಾಂತರ ಸುತ್ತುಗಳ ಲೆಕ್ಕ, ನಿಮ್ಮ ಒಂದು ಸಂಜೆಯದ್ದಲ್ಲ.

ಮೆಗಾಬಕ್ಸ್ ಅನ್ನೋ ದೊಡ್ಡ ಬಹುಮಾನದ ಸ್ಲಾಟ್ ಆಟದಲ್ಲಿ 2003ರಲ್ಲಿ ಒಬ್ಬರಿಗೆ ಸುಮಾರು 4 ಕೋಟಿ ಡಾಲರ್ ಹೊಡೆದದ್ದು ನಿಜ. ಆ ಅವಕಾಶ ಸುಮಾರು 5 ಕೋಟಿಗೆ ಒಂದು!

ಪಾಸ್‌ಪೋರ್ಟ್ ಜೊತೆಗಿರಲಿ, 21 ತುಂಬದವರನ್ನು ಆಡೋಕೆ ಬಿಡುವುದಿಲ್ಲ. ಆಟಕ್ಕೆ ಅಂತ 20 ಡಾಲರ್ ಇಟ್ಟುಕೊಳ್ಳಿ, ಅದು ಮುಗಿದ ಮೇಲೆ ಎದ್ದು ಬೆಲ್ಲಾಜಿಯೊ ಹೋಟೆಲಿನ ಕಾರಂಜಿ ನೋಡಿ. ಅದು ಪುಕ್ಕಟೆ.