ಎರಡು ಓಟಕ್ಕೆ ಹತ್ತು ಗಜ: ನಾರ್ಮಿ ಕ್ವಾಂಗ್ ಬಗ್ಗೆ ಕೇಳಿದ್ದೀರಿ

ಪ್ರಶ್ನೆ: ನನ್ನ ಮಗಳು ಕೆನಡಾದ ಕ್ಯಾಲ್ಗರಿಯಲ್ಲಿ ಓದುತ್ತಿದ್ದಾಳೆ. ಅಲ್ಲಿ ದಿನಸಿ ಅಂಗಡಿಯವರ ಮಗನೊಬ್ಬ ಫುಟ್‌ಬಾಲ್ ಆಡಿ ಹೆಸರು ಮಾಡಿ, ಕೊನೆಗೆ ರಾಜ್ಯಪಾಲರಂಥ ಹುದ್ದೆಗೇರಿದನೆಂದು ಫೋನಿನಲ್ಲಿ ಹೇಳಿದಳು. ಅವರು ಯಾರು? ಅದು ನಾವು ನೋಡುವ ಫುಟ್‌ಬಾಲೇ? ನಾನು ಹರೆಯದಲ್ಲಿ ಕಬಡ್ಡಿ ಆಡುತ್ತಿದ್ದವನು. ಅರ್ಥವಾಗುವಂತೆ ತಿಳಿಸಿ.
(ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಮ್ಮ ಮಗಳು ಹೇಳಿದ್ದು ನಾರ್ಮಿ ಕ್ವಾಂಗ್ ಅವರ ವಿಷಯ. 1929ರ ಅಕ್ಟೋಬರ್ 24ರಂದು ಕ್ಯಾಲ್ಗರಿಯಲ್ಲೇ ಹುಟ್ಟಿದರು. ಹುಟ್ಟು ಹೆಸರು ಲಿಮ್ ಕ್ವಾಂಗ್ ಯೂ. ತಂದೆತಾಯಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದು ನೆಲೆಸಿ ದಿನಸಿ ಅಂಗಡಿ ನಡೆಸುತ್ತಿದ್ದರು.

ಆಟ ಮಾತ್ರ ನಾವು ನೋಡುವ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಬಹುದು. ಅಮೆರಿಕದ ಫುಟ್‌ಬಾಲಿಗೆ ಇದು ಒಡಹುಟ್ಟು, ಆದರೆ ಕೆನಡಾದಲ್ಲಿ ಒಂದು ಕಡೆಗೆ 12 ಆಟಗಾರರು, ಅಮೆರಿಕದಲ್ಲಿ 11. ಅಮೆರಿಕದಲ್ಲಿ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಕೆನಡಾದಲ್ಲಿ ಮೂರೇ. ಈ ‘ಮೂರೇ’ ಎಂಬುದನ್ನು ನೆನಪಿಟ್ಟುಕೊಳ್ಳಿ. ಕ್ವಾಂಗ್ ಅವರ ಬೆಲೆ ಏನೆಂದು ತಿಳಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು.

ಅವರು ರನ್ನಿಂಗ್ ಬ್ಯಾಕ್. ಅದರಲ್ಲೂ ಫುಲ್‌ಬ್ಯಾಕ್, ಅಂದರೆ ಚೆಂಡು ಹಿಡಿದು ನಟ್ಟನಡುವೆ ನುಗ್ಗುವವರು. ನೀವು ಕಬಡ್ಡಿಯ ರೈಡರ್ ಆಗಿದ್ದರೆ ಆ ಎದೆಬಡಿತ ನಿಮಗೆ ಗೊತ್ತು. ಒಂದು ವ್ಯತ್ಯಾಸವಿದೆ: ರೈಡರ್ ಒಬ್ಬನೇ ಎದುರಾಳಿಗಳ ಅಂಗಳಕ್ಕೆ ಇಳಿದು, ಮುಟ್ಟಿ, ಜೀವ ಉಳಿಸಿಕೊಂಡು ಹಿಂದಿರುಗಬೇಕು. ಫುಲ್‌ಬ್ಯಾಕಿಗೆ ಹಿಂದಿರುಗುವ ಮಾತೇ ಇಲ್ಲ. ಮುಂದಿರುವ ತನ್ನ ತಂಡದ ದಢೂತಿಗಳು ಎದುರಾಳಿಗಳನ್ನು ಅತ್ತಿತ್ತ ತಳ್ಳಿ ಕ್ಷಣಮಾತ್ರ ಒಂದು ಸಂದು ಬಿಡಿಸಿಕೊಡುತ್ತಾರೆ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹೊಟ್ಟೆಗೆ ಒತ್ತಿದ ಕೂಡಲೇ ಆ ಸಂದಿಗೆ ತಲೆ ತಗ್ಗಿಸಿ ನುಗ್ಗಬೇಕು. ಸಂದು ಮುಚ್ಚಿದರೆ ಮೈಯಿಂದಲೇ ತೆರೆಯಬೇಕು. ನಾಲ್ಕೈದು ಜನ ಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಎದ್ದು ಮಣ್ಣು ಕೊಡವಿ ಮತ್ತೆ ಅದೇ ಕೆಲಸ. 1955ರ ಗ್ರೇ ಕಪ್ ಫೈನಲ್‌ನಲ್ಲಿ ಕ್ವಾಂಗ್ ಹೀಗೆ 30 ಸಲ ಚೆಂಡು ಹೊತ್ತರು. ಗ್ರೇ ಕಪ್ ಎಂದರೆ ಕೆನಡಾದ ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿ. ವ್ಯಾಂಕೂವರ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಅವರ ಎಡ್ಮಂಟನ್ ತಂಡ ಮಾಂಟ್ರಿಯಲನ್ನು 34–19ರಿಂದ ಸೋಲಿಸಿತು.

ಪ್ರಶ್ನೆ: ಐದು ಅಡಿ ಏಳು ಅಂಗುಲದ ಮನುಷ್ಯ ಇಂಥ ಆಟದಲ್ಲಿ ಹೇಗೆ ಉಳಿದರು? ಅಂಕಿಅಂಶ ನೋಡಿದರೆ ಒಂದು ಓಟಕ್ಕೆ ಐದು ಗಜದ ಸರಾಸರಿ. ಅದೇನು ದೊಡ್ಡದು?
(ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಒಳ್ಳೆಯ ಪ್ರಶ್ನೆ, ಇದಕ್ಕೆ ಲೆಕ್ಕದಲ್ಲೇ ಉತ್ತರವಿದೆ. ಮೂರು ಅವಕಾಶಗಳಿದ್ದರೂ ಮೂರನೆಯದರಲ್ಲಿ ತಂಡಗಳು ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತವೆ. ಅಲ್ಲಿ 10 ಗಜ ಮುಟ್ಟದಿದ್ದರೆ ಚೆಂಡು ನಿಂತಲ್ಲೇ ಎದುರಾಳಿಯ ಪಾಲಾಗುತ್ತದೆ. ಹಾಗಾಗಿ ಕೈಯಲ್ಲಿರುವುದು ಎರಡೇ ಅವಕಾಶ. ಕ್ವಾಂಗ್ ಅವರ ಸರಾಸರಿ 5.2 ಗಜ. ಎರಡು ಸಲ ಓಡಿದರೆ 10.4. ಹತ್ತು ಗಜ ದಾಟಿದರೆ ಮತ್ತೆ ಹೊಸದಾಗಿ ಮೂರು ಅವಕಾಶ. ಚೆಂಡನ್ನು ಅವರ ಕೈಗೆ ಕೊಡುತ್ತಾ ಹೋದರೆ ಸಾಕು, ತಂಡ ಸಾಗುತ್ತಲೇ ಇರುತ್ತದೆ. ಇನ್ನೊಬ್ಬ ಓಟಗಾರ ಒಮ್ಮೆ 40 ಗಜ ಓಡಿ ಪ್ರೇಕ್ಷಕರನ್ನು ಎಬ್ಬಿಸಿ ನಿಲ್ಲಿಸಬಹುದು. ಆದರೆ ವರ್ಷಗಟ್ಟಲೆ, ಏಟು ತಿನ್ನುತ್ತಾ, ಎಲ್ಲರಿಗೂ ಗೊತ್ತಿರುವ ದಾರಿಯಲ್ಲೇ ನುಗ್ಗಿ ಆ ಐದು ಗಜ ತರುವವನನ್ನೇ ನಾನು ಹೆಚ್ಚು ಗೌರವಿಸುತ್ತೇನೆ. ದಾಖಲೆಯಲ್ಲಿರುವ ಅವರ ಓಟ ಒಟ್ಟು 9,022 ಗಜ, ಎಂಟು ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ಪ್ರತಿ ಗಜಕ್ಕೂ ಯಾರಾದರೊಬ್ಬರು ಅಡ್ಡ ನಿಂತಿದ್ದರು.

ಎತ್ತರದ ವಿಷಯ ಕೇಳಿದಿರಿ. ಈ ಕೆಲಸಕ್ಕೆ ಕುಳ್ಳಗಿರುವುದು ಕೊರತೆಯಲ್ಲ. ಮೈಭಾರ ನೆಲಕ್ಕೆ ಹತ್ತಿರವಿದ್ದವನನ್ನು ಬೀಳಿಸುವುದು ಕಷ್ಟ, ದಢೂತಿಗಳ ಬೆನ್ನ ಹಿಂದೆ ಅವನು ಕಣ್ಣಿಗೂ ತಡವಾಗಿ ಬೀಳುತ್ತಾನೆ. ಕೆನಡಾದ ನಿಯಮವೂ ನೆರವಾಗುತ್ತದೆ: ಎದುರಾಳಿಗಳು ಚೆಂಡಿನಿಂದ ಒಂದು ಗಜ ಹಿಂದೆ ನಿಲ್ಲಬೇಕು. ಮೊದಲ ಹೆಜ್ಜೆ ಚುರುಕಾಗಿದ್ದವನಿಗೆ ಆ ಒಂದು ಗಜವೇ ವರ.

ಪ್ರಶ್ನೆ: ಆ ಕಾಲದಲ್ಲಿ ಕೆನಡಾದವರು ಚೀನೀಯರನ್ನು ಕೀಳಾಗಿ ಕಾಣುತ್ತಿದ್ದರಲ್ಲವೇ? ಇವರನ್ನು ಮಾತ್ರ ಹೇಗೆ ಒಪ್ಪಿಕೊಂಡರು?
(ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಅಮ್ಮಾ, ನೀವು ಕೇಳಿದ್ದು ಈ ಕಥೆಯ ತಿರುಳನ್ನೇ. ಕೀಳಾಗಿ ಕಂಡದ್ದು ಜನರಷ್ಟೇ ಅಲ್ಲ, ಕಾನೂನು ಕೂಡ. ಚೀನೀ ವಲಸಿಗರು ಕೆನಡಾಕ್ಕೆ ಕಾಲಿಡಲು ತಲೆಗಂದಾಯ ಕಟ್ಟಬೇಕಿತ್ತು. 1885ರಲ್ಲಿ 50 ಡಾಲರ್ ಇದ್ದದ್ದು 1903ರಲ್ಲಿ 500 ಆಯಿತು. ಅಷ್ಟೂ ಸಾಲದೆಂದು 1923ರಲ್ಲಿ ಬಾಗಿಲನ್ನೇ ಹೆಚ್ಚುಕಡಿಮೆ ಮುಚ್ಚಿದರು. ಕೆನಡಾದಲ್ಲೇ ಹುಟ್ಟಿದ್ದರೂ ಚೀನೀ ಮೂಲದವರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಆ ಕಾನೂನು ರದ್ದಾದದ್ದು 1947ರಲ್ಲಿ. ಬ್ರಿಟಿಷ್ ಕೊಲಂಬಿಯಾದಲ್ಲಿ ಭಾರತೀಯ ಮೂಲದವರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ವರ್ಷ.

ಮರುವರ್ಷ, 1948ರಲ್ಲಿ, ಹೈಸ್ಕೂಲು ಮುಗಿಸಿದ ಕ್ವಾಂಗ್ ಕ್ಯಾಲ್ಗರಿ ಸ್ಟ್ಯಾಂಪೀಡರ್ಸ್ ತಂಡ ಸೇರಿದರು. ಆ ತಂಡ ಒಂದು ಪಂದ್ಯವನ್ನೂ ಸೋಲದೆ ಗ್ರೇ ಕಪ್ ಫೈನಲ್ ತಲುಪಿತು. ಊರಿನ ಅಭಿಮಾನಿಗಳು ಕುದುರೆಗಳ ಸಮೇತ ರೈಲು ಹತ್ತಿ ಟೊರಾಂಟೊಗೆ ಹೋಗಿ, ಅಲ್ಲಿನ ಬೀದಿಯಲ್ಲಿ ಪ್ಯಾನ್‌ಕೇಕ್ ಹುಯ್ದು ಜನರಿಗೆ ಹಂಚಿದರು. ನವೆಂಬರ್ 27ರಂದು ಒಟ್ಟಾವಾ ವಿರುದ್ಧ 12–7ರ ಗೆಲುವು. ಕ್ವಾಂಗ್ ಅವರಿಗೆ 19 ತುಂಬಿ ಒಂದು ತಿಂಗಳಾಗಿತ್ತು, ಅಷ್ಟೇ.

1951ರಲ್ಲಿ ಕ್ಯಾಲ್ಗರಿ ಅವರನ್ನು ಎಡ್ಮಂಟನ್‌ಗೆ ಬಿಟ್ಟುಕೊಟ್ಟಿತು. ಆಗ ಎಸ್ಕಿಮೋಸ್ ಎಂದಿದ್ದ ಆ ತಂಡ ಈಗ ಎಲ್ಕ್ಸ್ ಆಗಿದೆ. ಅಲ್ಲಿ ಅವರ ಜೊತೆ ಓಡಿದವರಲ್ಲಿ ಅಮೆರಿಕದ ಕಪ್ಪು ಆಟಗಾರ ಜಾನಿ ಬ್ರೈಟ್ ಒಬ್ಬರು. 1951ರಲ್ಲಿ ಅಮೆರಿಕದ ಕಾಲೇಜು ಪಂದ್ಯವೊಂದರಲ್ಲಿ ಎದುರಾಳಿಯೊಬ್ಬ ಬೇಕೆಂದೇ ಹೊಡೆದು ಬ್ರೈಟ್ ಅವರ ದವಡೆ ಮುರಿದಿದ್ದ. ಆ ಘಟನೆಯ ಚಿತ್ರಗಳಿಗೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಆಮೇಲೆ ಅವರು ಕೆನಡಾಕ್ಕೇ ಬಂದುಬಿಟ್ಟರು. ಒಬ್ಬರ ಜನಾಂಗವನ್ನು ಕಾನೂನು ಹೊರಗಿಟ್ಟಿತ್ತು, ಇನ್ನೊಬ್ಬರ ದವಡೆಯನ್ನು ದ್ವೇಷ ಮುರಿದಿತ್ತು. ಆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು 1954, 1955, 1956ರಲ್ಲಿ ಸತತವಾಗಿ ಮೂರು ಗ್ರೇ ಕಪ್ ಗೆದ್ದರು. ಆ ಮೂರು ವರ್ಷಗಳ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಹಾಗೆಂದು ಎಲ್ಲವೂ ಮರೆತುಹೋಯಿತೆಂದಲ್ಲ. ಪತ್ರಿಕೆಗಳು ಅವರನ್ನು ‘ಚೈನಾ ಕ್ಲಿಪ್ಪರ್’ ಎಂದೇ ಕರೆದವು. ಪೆಸಿಫಿಕ್ ಸಾಗರ ದಾಟಿ ಅಂಚೆ ಒಯ್ದ ವಿಮಾನದ ಹೆಸರದು. ಮೆಚ್ಚುಗೆಯಿಂದಲೇ ಇಟ್ಟಿರಬಹುದು, ಆದರೆ ಕ್ಯಾಲ್ಗರಿಯಲ್ಲೇ ಹುಟ್ಟಿ ಬೆಳೆದವರ ಹೆಸರಿನ ಮುಂದೆ ಚೀನಾ ಬಂದು ಕೂತಿತು. 1955ರಲ್ಲಿ ಅದೇ ಮನುಷ್ಯ ಇಡೀ ಕೆನಡಾದ ವರ್ಷದ ಶ್ರೇಷ್ಠ ಪುರುಷ ಕ್ರೀಡಾಪಟು ಎನಿಸಿಕೊಂಡರು.

ಪ್ರಶ್ನೆ: ನಿವೃತ್ತಿಯ ನಂತರ ಏನು ಮಾಡಿದರು? ಅವರ ದಾಖಲೆ ಈಗಲೂ ಇದೆಯೇ?
(ಓದುಗರು, ಮಂಗಳೂರು)

ಉತ್ತರ: 1960ರಲ್ಲಿ ಆಟ ನಿಲ್ಲಿಸಿದರು. ಷೇರು ವ್ಯವಹಾರ, ರಿಯಲ್ ಎಸ್ಟೇಟ್ ನೋಡಿಕೊಂಡರು. 1971ರಲ್ಲಿ ಆಲ್ಬರ್ಟಾ ವಿಧಾನಸಭೆಗೆ ನಿಂತು ಸೋತರು. ಐಸ್ ಹಾಕಿಯ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಮಾಲೀಕರಲ್ಲೊಬ್ಬರಾಗಿದ್ದರು. 1989ರಲ್ಲಿ ಆ ತಂಡ ಸ್ಟ್ಯಾನ್ಲಿ ಕಪ್ ಗೆದ್ದಾಗ ಅದರ ಮೇಲೂ ಅವರ ಹೆಸರು ಕೆತ್ತಿಸಲಾಯಿತು. ಗ್ರೇ ಕಪ್, ಸ್ಟ್ಯಾನ್ಲಿ ಕಪ್ ಎರಡರ ಮೇಲೂ ಹೆಸರಿರುವವರು ಬೆರಳೆಣಿಕೆಯಷ್ಟು ಮಂದಿ.

2005ರಿಂದ 2010ರವರೆಗೆ ಆಲ್ಬರ್ಟಾ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದರು. 2006ರ ಜೂನ್‌ನಲ್ಲಿ ಕೆನಡಾ ಸರ್ಕಾರ ತಲೆಗಂದಾಯಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ಆ ಹೊತ್ತಿನಲ್ಲಿ ಒಂದು ಇಡೀ ಪ್ರಾಂತ್ಯದಲ್ಲಿ ರಾಣಿಯ ಪ್ರತಿನಿಧಿಯಾಗಿ, ಮಸೂದೆಗಳಿಗೆ ಅಂಕಿತ ಹಾಕುವ ಸ್ಥಾನದಲ್ಲಿದ್ದವರು ಕ್ವಾಂಗ್.

ದಾಖಲೆಯ ಮಾತು. 1956ರಲ್ಲಿ ಅವರು ಒಂದೇ ಋತುವಿನಲ್ಲಿ 1,437 ಗಜ ಓಡಿದ್ದರು. ಕೆನಡಾದ ಆಟಗಾರರಲ್ಲಿ ಅದನ್ನು ಮೀರಿಸುವವರು 56 ವರ್ಷ ಬರಲಿಲ್ಲ. 2012ರಲ್ಲಿ ಜಾನ್ ಕಾರ್ನಿಷ್ 1,457 ಗಜ ಓಡಿ ಅದನ್ನು ಮುರಿದರು. ಅವರು ಆಡುತ್ತಿದ್ದದ್ದು ಕ್ವಾಂಗ್ ಮೊದಲು ಆಡಿದ ಕ್ಯಾಲ್ಗರಿ ತಂಡಕ್ಕೇ. ಅಂತರ ಇಪ್ಪತ್ತೇ ಗಜ. ಕ್ವಾಂಗ್ ತೀರಿಕೊಂಡದ್ದು 2016ರ ಸೆಪ್ಟೆಂಬರ್ 3ರಂದು. ತಮ್ಮ ದಾಖಲೆ ಮುರಿದದ್ದನ್ನು ಕಾಣಲು ಅವರಿನ್ನೂ ನಮ್ಮ ನಡುವೆ ಇದ್ದರು.