ಒಣಹುಲ್ಲಿನ ಕಾಲದಲ್ಲಿ ಹವ್ಯಾಸಿ ರಾಕೆಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನಿಗೆ ಮಾಡೆಲ್ ರಾಕೆಟ್ ಎಂದರೆ ಪ್ರಾಣ. ಚಳಿಗಾಲವಿಡೀ ಇಲ್ಲಿನ ಕ್ಲಬ್ಬಿನವರೊಡನೆ ಹುಲ್ಲುಗಾವಲಿನಲ್ಲಿ ಹಾರಿಸಿದ. ಜೂನ್ ಬಂದೊಡನೆ ಅವರು ‘ಇನ್ನು ಮಳೆ ಬೀಳುವವರೆಗೆ ಉಡಾವಣೆ ಇಲ್ಲ’ ಎಂದು ತಿಳಿಸಿದರು. ಶಾಲೆಗೆ ರಜೆ ಇರುವ ತಿಂಗಳುಗಳೇ ಹೀಗೆ ಕೈತಪ್ಪಿದರೆ ಮಗುವಿಗೆ ಏನು ಹೇಳಲಿ? ಉಡಾಯಿಸುವ ಜಾಗದ ಸುತ್ತ ಹುಲ್ಲು ಕಿತ್ತು, ನೀರು ಚಿಮುಕಿಸಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡರೆ ಸಾಲದೆ?
– ಒಬ್ಬ ತಾಯಿ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಸಾಲದು. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕಾರಣ ತಿಳಿದರೆ ನಿಮ್ಮ ಮಗನಿಗೆ ಈ ನಿಷೇಧ ಶಿಕ್ಷೆಯಂತೆ ಕಾಣುವುದಿಲ್ಲ.

ನೀವು ಹೇಳಿದ ಎಚ್ಚರಿಕೆಗಳೆಲ್ಲ ರಾಕೆಟ್ ನೆಲ ಬಿಡುವ ಜಾಗಕ್ಕೆ ಸಂಬಂಧಿಸಿದವು. ಬಹುಮಟ್ಟಿಗೆ ಆ ಜಾಗ ಸುರಕ್ಷಿತವಾಗಿಯೇ ಇರುತ್ತದೆ. ಉಡಾವಣಾ ಕಂಬಿಯ ಬುಡದಲ್ಲಿರುವ ತಗಡು ಜ್ವಾಲೆಯನ್ನು ತಡೆಯುತ್ತದೆ, ಹತ್ತು ಜನ ಅಲ್ಲಿಯೇ ನಿಂತು ನೋಡುತ್ತಿರುತ್ತಾರೆ, ಕಿಡಿ ಬಿದ್ದರೆ ಮೆಟ್ಟಿ ಆರಿಸಬಹುದು. ನಿಜವಾದ ಅಪಾಯವಿರುವುದು ರಾಕೆಟ್ ಬಂದು ಬೀಳುವ ಕಡೆಯಲ್ಲಿ. ಮಕ್ಕಳು ಸಾಮಾನ್ಯವಾಗಿ ಬಳಸುವ ‘ಸಿ’ ದರ್ಜೆಯ ಮೋಟಾರು ಹಗುರವಾದ ರಾಕೆಟ್ಟನ್ನು ಸುಮಾರು 300 ಮೀಟರ್ ಎತ್ತರಕ್ಕೆ ಒಯ್ಯುತ್ತದೆ ಎಂದಿಟ್ಟುಕೊಳ್ಳಿ. ಪ್ಯಾರಾಶೂಟಿನಲ್ಲಿ ಸೆಕೆಂಡಿಗೆ 5 ಮೀಟರಿನಂತೆ ಇಳಿದರೂ ನೆಲ ಮುಟ್ಟಲು ಒಂದು ನಿಮಿಷ ಬೇಕು. ಆ ಒಂದು ನಿಮಿಷದಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಅದನ್ನು 300 ಮೀಟರ್ ಆಚೆಗೆ ಕೊಂಡೊಯ್ದಿರುತ್ತದೆ. ನೀವು ಹುಲ್ಲು ಕಿತ್ತದ್ದು ನಾಲ್ಕು ಮಾರು ಅಗಲಕ್ಕೆ.

ಎಲ್ಲವೂ ಸರಿಯಾಗಿ ನಡೆದರೆ ಇಳಿದ ರಾಕೆಟ್ಟಿನಿಂದ ಬೆಂಕಿ ಹತ್ತುವ ಭಯ ಕಡಿಮೆ. ನಿಯಮಗಳನ್ನು ಮಾಡುವುದು ಎಲ್ಲವೂ ಸರಿಯಾಗಿ ನಡೆಯದ ದಿನಕ್ಕಾಗಿ. ಮೋಟಾರಿನಲ್ಲಿ ಮೊದಲು ಉರಿಯುವುದು ಮೇಲಕ್ಕೆ ತಳ್ಳುವ ಮದ್ದು. ಅದು ಮುಗಿದ ಮೇಲೆ ಕೆಲವು ಸೆಕೆಂಡು ನಿಧಾನವಾಗಿ ಉರಿಯುವ ಒಂದು ಪದರ. ಕೊನೆಯಲ್ಲಿ ಪ್ಯಾರಾಶೂಟನ್ನು ಹೊರಕ್ಕೆ ತಳ್ಳುವ ಪುಟ್ಟ ಸಿಡಿಮದ್ದು. ರಾಕೆಟ್ ಕಂಬಿಯಿಂದ ವಾಲಿ ಅಡ್ಡಡ್ಡ ಹಾರಿ ಹುಲ್ಲಿನೊಳಗೆ ನುಗ್ಗಿತೆನ್ನಿ, ಆ ಸಿಡಿಮದ್ದು ಒಣಹುಲ್ಲಿನ ನಡುವೆಯೇ ಸಿಡಿಯುತ್ತದೆ. ಎರಡು ಹಂತದ ರಾಕೆಟ್ಟಿನಲ್ಲಿ ಕೆಳಗಿನ ಹಂತ ಬಿಸಿಯಾರುವ ಮೊದಲೇ ನೆಲಕ್ಕೆ ಬೀಳಬಹುದು. ಮೋಟಾರಿನ ಕವಚವೇ ಒಡೆದರೆ ಉರಿಯುವ ಮದ್ದಿನ ತುಣುಕುಗಳು ಸುತ್ತ ಚೆಲ್ಲುತ್ತವೆ. ಎತ್ತರ ಅಳೆಯುವ ಉಪಕರಣದ ಲಿಥಿಯಂ ಬ್ಯಾಟರಿ ಕೂಡ ಜೋರಾಗಿ ನೆಲಕ್ಕೆ ಅಪ್ಪಳಿಸಿದರೆ ಹೊತ್ತಿಕೊಳ್ಳಬಲ್ಲದು. ರಾಕೆಟ್ಟಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ: ನೋಡಲು ಬಂದವರು ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುತ್ತಾರೆ, ಹೊಗೆ ಕೊಳವೆಯ ಕಾವಿಗೆ ಹುಲ್ಲು ಹತ್ತಿಕೊಳ್ಳುತ್ತದೆ.

ಒಂದು ಸಣ್ಣ ಕಿಡಿ ಎಷ್ಟು ದೂರ ಹೋಗಬಲ್ಲದೆಂಬುದನ್ನು ನಿಮ್ಮ ರಾಜ್ಯವೇ ಕಂಡಿದೆ. 2020ರ ಸೆಪ್ಟೆಂಬರ್ 5ರಂದು ಯುಕೈಪಾ ಊರಿನ ಉದ್ಯಾನವೊಂದರಲ್ಲಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರುವ ಸಂಭ್ರಮಕ್ಕಾಗಿ ಬಣ್ಣದ ಹೊಗೆ ಉಗುಳುವ ಒಂದು ಸಾಧನವನ್ನು ಹೊತ್ತಿಸಿದರು. ಸುತ್ತಲಿನ ಒಣಹುಲ್ಲಿಗೆ ತಗುಲಿದ ಬೆಂಕಿ ‘ಎಲ್ ಡೊರಾಡೊ’ ಕಾಳ್ಗಿಚ್ಚಾಗಿ ಬೆಳೆದು 22 ಸಾವಿರಕ್ಕೂ ಹೆಚ್ಚು ಎಕರೆಯನ್ನು ಸುಟ್ಟಿತು; ಅದನ್ನು ಆರಿಸಲು ಹೋದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅಲ್ಲಿದ್ದವರ ಮನಸ್ಸಿನಲ್ಲಿ ಇದ್ದುದು ಸಂತೋಷವೇ ಹೊರತು ಕೇಡಲ್ಲ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಅಜಾಗರೂಕತೆಯಿಂದ ಬೆಂಕಿ ಹಬ್ಬಿಸಿದವರಿಂದ ಅದನ್ನು ನಂದಿಸಿದ ಖರ್ಚನ್ನೂ ವಸೂಲಿ ಮಾಡಬಹುದು. ಆದ್ದರಿಂದ ಜಮೀನಿನ ಒಡೆಯರು ಒಪ್ಪಿದ ಮಾತ್ರಕ್ಕೆ ಮುಂದುವರಿಯಬೇಡಿ. ಆ ಪ್ರದೇಶದ ಅಗ್ನಿಶಾಮಕ ಅಧಿಕಾರಿಗಳ ಒಪ್ಪಿಗೆಯೂ ಬೇಕು.

ಈಗ ಮಗನಿಗೆ ಏನು ಹೇಳುವುದೆಂಬ ಪ್ರಶ್ನೆ. ನಿಮ್ಮಲ್ಲಿ ಮಳೆ ಚಳಿಗಾಲದ್ದು; ನಮ್ಮ ಮುಂಗಾರು ಇಳಿಯುವ ಹೊತ್ತಿಗೆ ಅಲ್ಲಿನ ಗುಡ್ಡಗಳು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತವೆ. ರಾಕೆಟ್ಟಿನ ವರ್ಷವನ್ನು ಶಾಲೆಯ ರಜೆಗಿಂತ ಹುಲ್ಲಿನ ಬಣ್ಣ ನೋಡಿ ಯೋಜಿಸುವುದು ಒಳ್ಳೆಯದು. ಬೇಸಿಗೆ ಕಟ್ಟುವ ಕಾಲ, ನವೆಂಬರಿನಿಂದ ಏಪ್ರಿಲ್‌ವರೆಗೆ ಹಾರಿಸುವ ಕಾಲ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ 2003ರಲ್ಲಿ ಆರಂಭವಾದ, ಹಸಿ ಮೊಟ್ಟೆಯನ್ನು ಒಡೆಯದಂತೆ ಹಾರಿಸಿ ಇಳಿಸಬೇಕಾದ ‘ಅಮೆರಿಕನ್ ರಾಕೆಟ್ರಿ ಚಾಲೆಂಜ್’ ಸ್ಪರ್ಧೆಯ ಅರ್ಹತಾ ಹಾರಾಟಗಳು ಮುಗಿಯುವುದು ವಸಂತದಲ್ಲಿ, ಅಂತಿಮ ಸುತ್ತು ನಡೆಯುವುದು ಮೇ ತಿಂಗಳಲ್ಲಿ. ಹೀಗಾಗಿ ಜುಲೈಯಲ್ಲಿ ಅಂಟು, ಮರಳುಕಾಗದ, ರೆಕ್ಕೆಗಳ ಕೆಲಸ ಮುಗಿಸಿಕೊಂಡ ಹುಡುಗ ಮಳೆಗಾಲ ಶುರುವಾದೊಡನೆ ಎಲ್ಲರಿಗಿಂತ ಮುಂದಿರುತ್ತಾನೆ.

ಬೇಸಿಗೆಯಲ್ಲಿಯೇ ಹಾರಿಸಬೇಕೆಂದಿದ್ದರೆ ಹುಲ್ಲೇ ಬೆಳೆಯದ ನೆಲಕ್ಕೆ ಹೋಗಬೇಕು. ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯ ಬತ್ತಿದ ಕೆರೆಯಂಗಳ ಅಂಥದ್ದು. ಮೈಲುಗಟ್ಟಲೆ ಬಿರುಕುಬಿಟ್ಟ ಜೇಡಿನೆಲ, ಒಂದು ಕಡ್ಡಿಯೂ ಇಲ್ಲ. ಚಳಿಗಾಲದಲ್ಲಿ ಅಲ್ಲಿ ನೀರು ನಿಂತು ಕೆಸರಾಗುವುದರಿಂದ ಉಡಾವಣೆಗೆ ಒದಗುವುದೇ ಬೇಸಿಗೆ ಮತ್ತು ಅದರ ನಂತರದ ಒಣ ತಿಂಗಳುಗಳಲ್ಲಿ. ಏರೋಪ್ಯಾಕ್ ಕ್ಲಬ್ ಅಲ್ಲಿಯೇ ಹಾರಿಸುತ್ತದೆ. ವಿದ್ಯಾರ್ಥಿಗಳು ತಂಪುಪಾನೀಯದ ಡಬ್ಬಿಯಷ್ಟು ಗಾತ್ರದ ಪುಟ್ಟ ಉಪಗ್ರಹಗಳನ್ನು ರಾಕೆಟ್ಟಿನಲ್ಲಿ ಕಳಿಸಿ ಇಳಿಸುವ ‘ಆರ್ಲಿಸ್’ ಕಾರ್ಯಕ್ರಮ 1999ರಿಂದ ನಡೆಯುತ್ತಿರುವುದೂ ಅಲ್ಲಿಯೇ. ದಕ್ಷಿಣ ಕ್ಯಾಲಿಫೋರ್ನಿಯಾದವರಿಗೆ ಮೊಹಾವಿ ಮರುಭೂಮಿಯ ಲ್ಯೂಸರ್ನ್ ಒಣಕೆರೆ ಇದೆ. ಫ್ರೀಮಾಂಟಿನಿಂದ ಎರಡೂ ದೂರ, ಬಿಸಿಲೂ ಕಠಿಣ. ಆದರೂ ವರ್ಷಕ್ಕೊಂದು ಸಲ ಮಗನನ್ನು ಕರೆದುಕೊಂಡು ಹೋಗಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ, ಏಕೆಂದರೆ ಅಷ್ಟು ವಿಶಾಲವಾದ ಆಕಾಶದ ಕೆಳಗೆ ರಾಕೆಟ್ ಏರುವುದನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ.

ಪ್ರಶ್ನೆ: ನಾನು ಡೆನ್ವರಿನಲ್ಲಿ ಓದುತ್ತಿರುವ ವಿದ್ಯಾರ್ಥಿ. ಇಲ್ಲಿ ‘ಮೊದಲ ಹಂತ’, ‘ಎರಡನೆಯ ಹಂತ’ ಎಂದು ಬೆಂಕಿ ನಿರ್ಬಂಧಗಳನ್ನು ಸಾರುತ್ತಾರೆ. ಆದೇಶದಲ್ಲಿ ರಾಕೆಟ್ ಎಂಬ ಪದವಿಲ್ಲದಿದ್ದರೆ ಹಾರಿಸಬಹುದೆಂದು ಅರ್ಥವೆ? ಸೆಪ್ಟೆಂಬರ್ ಕಳೆದ ಮೇಲೆ ನಿಶ್ಚಿಂತೆಯಿಂದ ಇರಬಹುದೆ?
– ಓದುಗರು, ಕೊಲೊರಾಡೊ

ಉತ್ತರ: ಪದವಿಲ್ಲ ಎಂಬುದನ್ನು ಅನುಮತಿ ಎಂದು ಓದಬೇಡಿ. ಸ್ಥೂಲವಾಗಿ ಹೇಳುವುದಾದರೆ, ಮೊದಲ ಹಂತದಲ್ಲಿ ನಿಗದಿತ ಶಿಬಿರತಾಣಗಳ ಹೊರಗೆ ಬೆಂಕಿ ಹಾಕುವುದಕ್ಕೂ ಬಯಲಿನಲ್ಲಿ ಧೂಮಪಾನ ಮಾಡುವುದಕ್ಕೂ ತಡೆಯಿರುತ್ತದೆ. ಎರಡನೆಯ ಹಂತದಲ್ಲಿ ಶಿಬಿರತಾಣದ ಬೆಂಕಿಗೂ, ವೆಲ್ಡಿಂಗಿನಂಥ ಕೆಲಸಗಳಿಗೂ ಅದು ವಿಸ್ತರಿಸುತ್ತದೆ. ಆದರೆ ಆದೇಶದ ಮಾತುಗಳು ಕೌಂಟಿಯಿಂದ ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಬೇರೆ. ಪಾನೀ ರಾಷ್ಟ್ರೀಯ ಹುಲ್ಲುಗಾವಲಿನಂಥ ಜಾಗದಲ್ಲಿ ಕೇಂದ್ರದ ಅರಣ್ಯ ಸೇವೆಯ ಆದೇಶವೂ ಅನ್ವಯಿಸುತ್ತದೆ. ಮೂಲ ಆದೇಶವನ್ನು ಪೂರ್ತಿ ಓದಿ, ಆಮೇಲೆ ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿ ಕೇಳಿ. ಅಮೆರಿಕದ ರಾಷ್ಟ್ರೀಯ ರಾಕೆಟ್ರಿ ಸಂಘದ ಸುರಕ್ಷಾ ಸಂಹಿತೆಯೇ ನಿಮ್ಮನ್ನು ಕಟ್ಟಿಹಾಕುತ್ತದೆ: ಉಡಾವಣಾ ಕಂಬಿಯ ಹತ್ತಿರ ಒಣಹುಲ್ಲು ಇರಕೂಡದು, ಇಡೀ ಮೈದಾನವೇ ಹುಲ್ಲಿನ ಬೆಂಕಿಗೆ ಆಸ್ಪದ ಕೊಡುವಂತಿರಬಾರದು, ಗಾಳಿ ಗಂಟೆಗೆ 20 ಮೈಲಿ ಮೀರಬಾರದು. ಮೋಟಾರಿನ ದರ್ಜೆಯ ಇಂಗ್ಲಿಷ್ ಅಕ್ಷರ ಮುಂದೆ ಹೋದಂತೆ ಅದರ ಬಲವೂ ಹೆಚ್ಚು; ದೊಡ್ಡ ಮೋಟಾರುಗಳಿಗೆ ಹುಲ್ಲು ತೆಗೆಯಬೇಕಾದ ವೃತ್ತದ ಅಗಲ ‘ಎಚ್’ ದರ್ಜೆಗೆ 50 ಅಡಿ, ‘ಎಂ’ ದರ್ಜೆಗೆ 125 ಅಡಿ. ಟೈಟಾನಿಯಂ ಬೆರೆಸಿದ, ಕಿಡಿಗಳ ಬಾಲ ಬಿಡುವ ಮೋಟಾರಾದರೆ ಆ ಅಳತೆಯ ಒಂದೂವರೆ ಪಟ್ಟು. ಕಿಡಿಯ ಮೋಟಾರುಗಳ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಹುಲ್ಲಿರುವ ಬಯಲಿಗೆ ಅವು ಬೇಡವೇ ಬೇಡ.

ಎರಡನೆಯ ಪ್ರಶ್ನೆಗೆ ನಿಮ್ಮ ನೆರೆಯ ಬೋಲ್ಡರ್ ಕೌಂಟಿಯೇ ಉತ್ತರ. 2021ರ ಡಿಸೆಂಬರ್ 30ರಂದು, ನಡುಚಳಿಗಾಲದಲ್ಲಿ, ಬಿರುಗಾಳಿಗೆ ಸಿಕ್ಕಿದ ಹುಲ್ಲಿನ ಬೆಂಕಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಆಹುತಿ ತೆಗೆದುಕೊಂಡಿತು. ತಿಂಗಳನ್ನು ನೋಡಬೇಡಿ, ಹವಾಮಾನ ಇಲಾಖೆ ಅಂದು ‘ಕೆಂಪು ಬಾವುಟ’ದ ಎಚ್ಚರಿಕೆ, ಅಂದರೆ ಬೆಂಕಿ ಬೇಗ ಹಬ್ಬುವ ಹವೆಯಿದೆ ಎಂಬ ಎಚ್ಚರಿಕೆ, ಕೊಟ್ಟಿದೆಯೇ ಎಂದು ನೋಡಿ. ಕೊಟ್ಟಿದ್ದರೆ ನಿರ್ಬಂಧದ ಹಂತ ಯಾವುದೇ ಇರಲಿ, ಪೆಟ್ಟಿಗೆ ತೆರೆಯಬೇಡಿ.

ಪ್ರಶ್ನೆ: ಮೈಸೂರಿನ ನಮ್ಮ ಶಾಲೆಯ ಮಕ್ಕಳು ಮಾರ್ಚ್‌ನಲ್ಲಿ ಮೈದಾನದಲ್ಲಿ ರಾಕೆಟ್ ಹಾರಿಸಬೇಕೆನ್ನುತ್ತಿದ್ದಾರೆ. ಏನು ಸಲಹೆ ಕೊಡುವಿರಿ?
– ವಿಜ್ಞಾನ ಶಿಕ್ಷಕಿ, ಮೈಸೂರು

ಉತ್ತರ: ಮೊದಲನೆಯದಾಗಿ, ಮದ್ದನ್ನು ಮನೆಯಲ್ಲಿಯೋ ಶಾಲೆಯಲ್ಲಿಯೋ ಬೆರೆಸಲು ಯಾರಿಗೂ ಬಿಡಬೇಡಿ, ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಮಕ್ಕಳ ಬೆರಳು ಮತ್ತು ಕಣ್ಣಿನ ಪ್ರಶ್ನೆ. ಮಾರ್ಚ್ ನಮ್ಮಲ್ಲಿ ಬೆಂಕಿಯ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಿಮ್ಮ ಮಕ್ಕಳ ಮನೆಗಳಲ್ಲಿ ಇನ್ನೂ ನೆನಪಿರುತ್ತದೆ. ನೀರಿನ ರಾಕೆಟ್ ಮಾಡಿಸಿ. ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ನೀರು ತುಂಬಿ, ಬಾಯಿಗೆ ಬಿಗಿಯಾದ ಬಿರಡೆ ಹಾಕಿ, ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ಸಾಕು. ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೇರುತ್ತದೆ, ನ್ಯೂಟನ್ನನ ಮೂರನೆಯ ನಿಯಮ ಕಣ್ಣೆದುರಿಗೇ ನಡೆಯುತ್ತದೆ. ಗಾಜಿನ ಅಥವಾ ಗೀರುಬಿದ್ದ ಬಾಟಲಿ ಬಳಸಬೇಡಿ, ಪಂಪಿನ ಕೊಳವೆ ಉದ್ದವಾಗಿರಲಿ, ಗಾಳಿ ಒತ್ತುವಾಗ ಯಾರೂ ಬಾಟಲಿಯ ಮೇಲೆ ಬಗ್ಗದಂತೆ ನೋಡಿಕೊಳ್ಳಿ. ನೀರು ಎಷ್ಟಿದ್ದರೆ ಹೆಚ್ಚು ಎತ್ತರ ಹೋಗುತ್ತದೆ ಎಂಬುದನ್ನು ಮಕ್ಕಳೇ ಅಳೆದು ಬರೆದಿಡಲಿ. ಇಡೀ ಮಾರ್ಚ್ ತಿಂಗಳು ಅವರು ಅದರಲ್ಲಿ ಮುಳುಗಿರುತ್ತಾರೆ.