ಸಾಂಚಿ, ಬಾಂಧವಗಡ, ಸಾರನಾಥ: ಪ್ರಯಾಣದ ಕ್ರಮ ಕುರಿತು

ನಮಸ್ಕಾರ. ನವೆಂಬರ್‌ನಲ್ಲಿ ಭೋಪಾಲದಿಂದ ಕಾರಿನಲ್ಲಿ ಹೊರಟು ಎಂಟು ದಿನಗಳಲ್ಲಿ ಸಾಂಚಿ, ಹುಲಿಗಳ ಕಾಡಾದ ಬಾಂಧವಗಡ ಮತ್ತು ಸಾರನಾಥಗಳನ್ನು ನೋಡಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ನೋಡಬಹುದು, ಆದರೆ ಮೊದಲು ಸಫಾರಿಯ ದಿನಗಳನ್ನು ಕಾಯ್ದಿರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಲೇಸು. ಬಾಂಧವಗಡದಲ್ಲಿ ಬುಧವಾರ ಮಧ್ಯಾಹ್ನದ ಸಫಾರಿ ಇರುವುದಿಲ್ಲ, ಮತ್ತು ಕಾಯ್ದಿರಿಸುವಾಗ ನೀಡಿದ ಗುರುತಿನ ಚೀಟಿಯನ್ನೇ ದ್ವಾರದಲ್ಲಿ ತೋರಿಸಬೇಕಾಗುತ್ತದೆ. ಹುಲಿ ಕಾಣುವುದು ಅದೃಷ್ಟದ ಮಾತಾದ್ದರಿಂದ ಕನಿಷ್ಠ ಮೂರು ಸಫಾರಿಗಳನ್ನಾದರೂ ಇಟ್ಟುಕೊಳ್ಳಿ. ತೆರೆದ ಜೀಪಿನಲ್ಲಿ ಬೆಳಗಿನ ಚಳಿ ನಮ್ಮ ದಕ್ಷಿಣದವರಿಗೆ ಊಹೆಗೂ ಮೀರಿದ್ದು. ಕಿವಿ ಮುಚ್ಚುವ ಟೋಪಿ, ಹೊದೆಯಲು ದಪ್ಪ ಶಾಲು ಇರಲಿ.

ಸಾಂಚಿಗೆ ಅರ್ಧ ದಿನ ಸಾಕೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಶೋಕನ ಕಾಲದಲ್ಲಿ ಆರಂಭವಾದ ಮಹಾಸ್ತೂಪದ ತೋರಣಗಳಲ್ಲಿ, ಅಂದರೆ ಕೆತ್ತನೆಯ ಕಲ್ಲಿನ ಹೆಬ್ಬಾಗಿಲುಗಳಲ್ಲಿ, ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತದೆ, ಬೋಧಿವೃಕ್ಷ, ಬರಿದಾದ ಆಸನ, ಹೆಜ್ಜೆಗುರುತು, ಚಕ್ರಗಳ ಮೂಲಕವೇ ಸೂಚಿಸಿರುವುದನ್ನು ಒಂದೊಂದಾಗಿ ಗುರುತಿಸುತ್ತ ಹೋದರೆ ಹೊತ್ತು ಸರಿದದ್ದೇ ತಿಳಿಯುವುದಿಲ್ಲ.

ಅಲ್ಲಿಂದ ಬಾಂಧವಗಡಕ್ಕೆ ಒಂದೇ ದಿನದಲ್ಲಿ ಹೋಗುವ ಸಾಹಸ ಬೇಡ, ಜಬಲ್ಪುರದಲ್ಲಿ ತಂಗಿರಿ. ನಂತರ ರೀವಾ ಮಾರ್ಗವಾಗಿ ವಾರಾಣಸಿ ಸೇರಬಹುದು. ಅದರ ಸಮೀಪದಲ್ಲೇ ಇರುವ ಸಾರನಾಥದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಶೋಕನ ಸ್ತಂಭದ ತುದಿಯಲ್ಲಿದ್ದ ಸಿಂಹಶೀರ್ಷ ಇರುವುದು ಅದರೊಳಗೇ ಆದ್ದರಿಂದ ಆ ದಿನವನ್ನು ತಪ್ಪಿಸಿ.